ಅಡುಗೆಮನೆಯ ಯಂತ್ರಕ್ಕೆ ಎಂಥ ಸ್ವಿಚ್ಚು, ಎಲ್ಲಿ, ಯಾಕೆ: ಹಾಸನ–ಚಿಕ್ಕಮಗಳೂರು ಮನೆಗಳಿಗೊಂದು ಮಾರ್ಗದರ್ಶಿ

ಅಡುಗೆಮನೆ ಹೊಸದಾಗಿ ಮಾಡಿಸುವವರೂ ಹಳೆಯದನ್ನು ಬದಲಿಸುವವರೂ ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಅವೇ. ಡಿಶ್‌ವಾಷರಿನ ಸ್ವಿಚ್ಚು ಎಲ್ಲಿ ಇಡಿಸಬೇಕು? ಇಂಡಕ್ಷನ್ ಒಲೆಯ ಪ್ಲಗ್ಗು ಯಾಕೆ ಸುಡುತ್ತದೆ? ಸ್ವಿಚ್ಚು ಆಫ್ ಇದ್ದರೂ ಗ್ರೈಂಡರ್ ಮುಟ್ಟಿದರೆ ಯಾಕೆ ಜುಮ್ಮೆನ್ನುತ್ತದೆ? ಮಳೆ ಹಿಡಿದ ಮೇಲೆ ಮನೆಯ ಕರೆಂಟು ಯಾಕೆ ಪದೇ ಪದೇ ಬೀಳುತ್ತದೆ?

ಇವುಗಳ ಬೇರು ಬಹುಪಾಲು ಒಂದೇ ಕಡೆ ಇದೆ. ಯಂತ್ರವನ್ನು ನಿಲ್ಲಿಸುವುದು ಬೇರೆ, ಅದನ್ನು ಕರೆಂಟಿನಿಂದ ಪೂರ್ತಿ ಬೇರ್ಪಡಿಸುವುದು ಬೇರೆ. ನಮ್ಮ ಹೆಚ್ಚಿನ ಅಡುಗೆಮನೆಗಳ ವೈರಿಂಗು ಮೊದಲನೆಯದಕ್ಕೆ ಮಾತ್ರ ಆಗಿರುತ್ತದೆ. ಮಾಮೂಲಿ ಸ್ವಿಚ್ಚು ಒಂದು ತಂತಿಯನ್ನಷ್ಟೇ ಕಡಿಯುತ್ತದೆ, ಇನ್ನೊಂದು ಯಂತ್ರಕ್ಕೆ ಅಂಟಿಕೊಂಡೇ ಇರುತ್ತದೆ. ಕಡಿಯುವುದು ಕರೆಂಟು ತರುವ ತಂತಿ, ಅಂದರೆ ಫೇಸ್ ಆಗಿದ್ದರೆ ಸರಿ. ಅಪ್ಪಿತಪ್ಪಿ ಕರೆಂಟು ವಾಪಸು ಹೋಗುವ ನ್ಯೂಟ್ರಲ್ ಆಗಿದ್ದರೆ ಯಂತ್ರ ನಿಂತಿರುತ್ತದೆ, ಒಳಗೆ 230 ವೋಲ್ಟ್ ಕೂತಿರುತ್ತದೆ.

ಬೋರ್ಡು ಬಿಚ್ಚುವ, ತಂತಿ ಜೋಡಿಸುವ ಕೆಲಸ ವಿದ್ಯುತ್ ಪರಿವೀಕ್ಷಣಾಲಯದ ಪರವಾನಗಿ ಇರುವ ಎಲೆಕ್ಟ್ರಿಷಿಯನ್ನರದು. ಏನು ಹಾಕಿಸಬೇಕು, ಎಲ್ಲಿ, ಎಷ್ಟು ದಪ್ಪದ ತಂತಿ, ಕೆಲಸ ಮುಗಿದ ಮೇಲೆ ಏನನ್ನು ಪರೀಕ್ಷಿಸಿ ತೋರಿಸಿ ಎನ್ನಬೇಕು ಎಂಬುದು ಮನೆಯವರಿಗೆ ಗೊತ್ತಿರಬೇಕು. ಈ ಬರಹ ಅದಕ್ಕೆ.

ಮೊದಲು ಕೆಲವು ಪದಗಳು

ಫೇಸ್ ಎಂದರೆ ಕರೆಂಟು ಬರುವ ತಂತಿ, ನ್ಯೂಟ್ರಲ್ ಅದು ವಾಪಸು ಹೋಗುವ ದಾರಿ, ಅರ್ಥ್ ಎಂದರೆ ಯಂತ್ರದ ಲೋಹದ ಮೈಯನ್ನು ನೆಲಕ್ಕೆ ಸೇರಿಸುವ ಹಸಿರು ತಂತಿ. ಡಿಬಿ ಎಂದರೆ ಮೀಟರಿನಿಂದ ಬಂದ ಕರೆಂಟು ಮನೆಯೊಳಗೆ ಕವಲೊಡೆಯುವ ಪೆಟ್ಟಿಗೆ. ಅದರಲ್ಲಿರುವ ಎಂಸಿಬಿ ಹೆಚ್ಚು ಕರೆಂಟು ಹರಿದರೆ ಬೀಳುತ್ತದೆ. ಅದು ಕಾಯುವುದು ಗೋಡೆಯೊಳಗಿನ ತಂತಿಯನ್ನು, ನಿಮ್ಮನ್ನಲ್ಲ. ಆರ್‌ಸಿಸಿಬಿ ಫೇಸಿನಲ್ಲಿ ಹೋದ ಕರೆಂಟು ನ್ಯೂಟ್ರಲ್‌ನಲ್ಲಿ ಅಷ್ಟೇ ವಾಪಸು ಬರುತ್ತಿದೆಯೇ ಎಂದು ಅಳೆಯುತ್ತಲೇ ಇರುತ್ತದೆ, ಸೋರಿಕೆ ಕಂಡರೆ ಬೀಳುತ್ತದೆ. ಜೀವ ಕಾಯುವುದು ಇದು. ಡಿಪಿ ಸ್ವಿಚ್ಚು ಎಂದರೆ ಡಬಲ್ ಪೋಲ್: ಒಂದೇ ಒತ್ತಿಗೆ ಫೇಸ್, ನ್ಯೂಟ್ರಲ್ ಎರಡನ್ನೂ ಕಡಿಯುತ್ತದೆ. ಈ ಲೇಖನದ ಮುಖ್ಯ ಪಾತ್ರ ಇದರದ್ದು.

ಹಂತ 1: ಯಂತ್ರಗಳ ಪಟ್ಟಿ ಮಾಡಿ, ಆಂಪಿಯರ್ ಲೆಕ್ಕ ಹಾಕಿ

ಪ್ರತಿ ಯಂತ್ರದ ಹಿಂದೆಯೋ ತಳದಲ್ಲೋ ಒಂದು ಚೀಟಿ ಇರುತ್ತದೆ. ಅದರ ಮೇಲಿನ ವಾಟ್ ಸಂಖ್ಯೆಯನ್ನು 230ರಿಂದ ಭಾಗಿಸಿದರೆ ಆಂಪಿಯರ್ ಸಿಗುತ್ತದೆ. ನಮ್ಮ ಕಡೆಯ ಮನೆಗಳಲ್ಲಿ ಸಾಮಾನ್ಯವಾಗಿ ಬರುವ ಲೆಕ್ಕ ಹೀಗೆ:

– ಮಿಕ್ಸಿ, 750 ವಾಟ್: 3.3 ಆಂಪ್
– ಟೇಬಲ್‌ಟಾಪ್ ಗ್ರೈಂಡರ್, 150 ವಾಟ್: 1 ಆಂಪಿನೊಳಗೆ
– ರೈಸ್ ಕುಕ್ಕರ್, 700 ವಾಟ್: 3 ಆಂಪ್
– ನೀರು ಕಾಯಿಸುವ ಕೆಟಲ್, 1500 ವಾಟ್: 6.5 ಆಂಪ್
– ಇಂಡಕ್ಷನ್ ಒಲೆ, 2000 ವಾಟ್: 8.7 ಆಂಪ್
– ಡಿಶ್‌ವಾಷರ್, 2000 ವಾಟ್ ಆಸುಪಾಸು: 9 ಆಂಪ್
– ಇನ್‌ಸ್ಟಂಟ್ ಗೀಸರ್, 3000 ವಾಟ್: 13 ಆಂಪ್
– ಅದೇ ಗೀಸರ್ 4500 ವಾಟಿನದಾದರೆ: 19.6 ಆಂಪ್

ಮೈಕ್ರೋವೇವ್ ವಿಷಯದಲ್ಲಿ ಎಡವುವವರು ಬಹಳ. ಮುಂದುಗಡೆ ದಪ್ಪಕ್ಷರದಲ್ಲಿ 900 ವಾಟ್ ಎಂದು ಬರೆದಿದ್ದರೆ ಅದು ಆಹಾರಕ್ಕೆ ತಲುಪುವ ಶಕ್ತಿ. ಗೋಡೆಯಿಂದ ಎಳೆಯುವುದು 1300–1400 ವಾಟ್. ಹಿಂದಿನ ಚೀಟಿಯಲ್ಲಿ ‘ಇನ್‌ಪುಟ್’ ಎಂದಿರುವ ಸಂಖ್ಯೆಯನ್ನೇ ಹಿಡಿಯಿರಿ. ಫ್ರಿಜ್ಜು ಓಡುವಾಗ ಒಂದು ಆಂಪ್ ಕೂಡ ಎಳೆಯುವುದಿಲ್ಲ, ಆದರೆ ಕಂಪ್ರೆಸರ್ ಶುರುವಾಗುವ ಕ್ಷಣಕ್ಕೆ ಅದರ ಹಲವು ಪಟ್ಟು ಎಳೆಯುತ್ತದೆ.

ಈಗ ಒಂದು ಬೆಳಗಿನ ಹೊತ್ತನ್ನು ಊಹಿಸಿ ಕೂಡಿ. ಇಂಡಕ್ಷನ್ ಮೇಲೆ ಕಡುಬು, ಗೀಸರ್ ಆನ್, ಚಟ್ನಿಗೆ ಮಿಕ್ಸಿ, ಕೆಟಲ್‌ನಲ್ಲಿ ಕಾಫಿಗೆ ನೀರು: 7250 ವಾಟ್, ಅಂದರೆ 31.5 ಆಂಪ್. ನಿಮ್ಮ ಕರೆಂಟ್ ಬಿಲ್ಲಿನಲ್ಲಿ ‘ಮಂಜೂರಾದ ಲೋಡು’ ಎಷ್ಟಿದೆ ನೋಡಿ. 2 ಅಥವಾ 3 ಕಿಲೋವಾಟ್ ಇದ್ದು ಬಳಕೆ ಇಷ್ಟಿದ್ದರೆ ಲೋಡು ಹೆಚ್ಚಿಸಲು ಅರ್ಜಿ ಕೊಡಬೇಕು: ಹಾಸನ ಜಿಲ್ಲೆಯವರು ಸೆಸ್ಕ್ ಕಚೇರಿಗೆ, ಚಿಕ್ಕಮಗಳೂರಿನವರು ಮೆಸ್ಕಾಂಗೆ. ಮುಂಗಾರಿನಲ್ಲಿ ಸೌದೆ ಒದ್ದೆಯಾಗಿ ಹಂಡೆ ಒಲೆ ಹೊತ್ತದೆ ಇದ್ದಾಗ ಗೀಸರ್, ಇಂಡಕ್ಷನ್ ಮೇಲೆ ಭಾರ ಬೀಳುವುದರಿಂದ ಲೆಕ್ಕವನ್ನು ಆಷಾಢದ ಬಳಕೆಗೆ ಹಾಕಿ, ಬೇಸಿಗೆಯ ಬಳಕೆಗೆ ಬೇಡ.

ಹಂತ 2: ಕವಲುಗಳನ್ನು ಬೇರೆ ಮಾಡಿಸಿ

ಅಡುಗೆಮನೆಗೆಲ್ಲ ಸೇರಿ ಒಂದೇ ತಂತಿ ಎಳೆದು, ಬೋರ್ಡಿನಿಂದ ಬೋರ್ಡಿಗೆ ಲೂಪ್ ಕೊಟ್ಟು ಮುಗಿಸುವುದು ಹಳೇ ರೂಢಿ. ಇವತ್ತಿನ ಯಂತ್ರಗಳಿಗೆ ಅದು ಸಾಲದು. ನಮ್ಮ ಸಲಹೆ ಸರಳ: 1500 ವಾಟಿನ ಮೇಲಿನ ಪ್ರತಿ ಯಂತ್ರಕ್ಕೂ ಡಿಬಿಯಿಂದಲೇ ಪ್ರತ್ಯೇಕ ಕವಲು, ಪ್ರತ್ಯೇಕ ಎಂಸಿಬಿ.

ಎರಡು ಕೋಣೆಯ ಸಾಧಾರಣ ಮನೆಯ ಅಡುಗೆಮನೆಗೆ ಹೀಗೆ ಹಂಚಬಹುದು. ದೀಪ, ಚಿಮಣಿ, ನೀರಿನ ಫಿಲ್ಟರ್‌ಗೆ 1.5 ಸ್ಕ್ವೇರ್ (ಚದರ ಮಿ.ಮೀ. ದಪ್ಪದ) ತಾಮ್ರದ ತಂತಿ, 6 ಅಥವಾ 10 ಆಂಪ್ ಎಂಸಿಬಿ. ಮಿಕ್ಸಿ, ಗ್ರೈಂಡರ್, ರೈಸ್ ಕುಕ್ಕರ್‌ಗೆ ಕಟ್ಟೆ ಮೇಲಿನ ಸಾಕೆಟ್ಟುಗಳೆಲ್ಲ ಸೇರಿ ಒಂದು ಕವಲು, 2.5 ಸ್ಕ್ವೇರ್, 16 ಆಂಪ್. ಇಂಡಕ್ಷನ್‌ಗೆ ಒಂದು, ಓವನ್ ಅಥವಾ ಮೈಕ್ರೋವೇವ್‌ಗೆ ಒಂದು, ಡಿಶ್‌ವಾಷರ್ ಇದ್ದರೆ ಅದಕ್ಕೊಂದು: ಎಲ್ಲಕ್ಕೂ 2.5 ಸ್ಕ್ವೇರ್, 16 ಆಂಪ್. 4500 ವಾಟಿನ ಗೀಸರಿಗೆ 4 ಸ್ಕ್ವೇರ್ ತಂತಿ, 25 ಆಂಪ್ ಎಂಸಿಬಿ. ಈ ಗೀಸರನ್ನು 16 ಆಂಪ್ ಪ್ಲಗ್ಗಿಗೆ ಚುಚ್ಚಲೇಬಾರದು, 32 ಆಂಪಿನ ಡಿಪಿ ಸ್ವಿಚ್ಚಿಗೆ ನೇರ ಜೋಡಿಸಬೇಕು. ಅರ್ಥ್ ತಂತಿಯನ್ನೂ ಫೇಸಿನಷ್ಟೇ ದಪ್ಪದ್ದು ಹಾಕಿಸಿ. ದುಡ್ಡು ಉಳಿಸಲು ಹಸಿರು ತಂತಿಯನ್ನು ತೆಳ್ಳಗೆ ಮಾಡುವುದು ಎಲ್ಲ ಕಡೆ ನಡೆಯುತ್ತದೆ.

ಎಂಸಿಬಿ ಮೇಲೆ ಬಿ ಅಥವಾ ಸಿ ಎಂದು ಬರೆದಿರುತ್ತದೆ. ತಕ್ಷಣ ಬೀಳಲು ಬಿ ಗೆ ಅದರ ಮೇಲೆ ಬರೆದ ಆಂಪಿನ 3ರಿಂದ 5 ಪಟ್ಟು ಕರೆಂಟು ಬೇಕು, ಸಿ ಗೆ 5ರಿಂದ 10 ಪಟ್ಟು. ಗೀಸರಿನಂಥ ಬರೀ ಕಾಯಿಸುವ ಯಂತ್ರಕ್ಕೆ ಬಿ ಸಾಕು. ಮೋಟರ್ ಇರುವ ಫ್ರಿಜ್ಜು, ಮಿಕ್ಸಿ, ಡಿಶ್‌ವಾಷರ್‌ಗೆ ಸಿ ಬೇಕು, ಇಲ್ಲದಿದ್ದರೆ ಶುರುವಿನ ಎಳೆತಕ್ಕೇ ಬಿದ್ದುಬಿಡುತ್ತದೆ.

‘16 ಆಂಪ್ ಎಂಸಿಬಿ ಇದೆಯಲ್ಲ, 16 ದಾಟಿದರೆ ಬೀಳುತ್ತೆ’ ಎಂದುಕೊಳ್ಳುವುದು ತಪ್ಪು. ಮಾನಕದ ಪ್ರಕಾರ 16 ಆಂಪಿನ ಎಂಸಿಬಿ 18 ಆಂಪ್ ಹರಿಯುತ್ತಿದ್ದರೆ ಒಂದು ಗಂಟೆಯೊಳಗೆ ಬೀಳಬಾರದು, ಸುಮಾರು 23 ಆಂಪ್ ಆದಾಗ ಒಂದು ಗಂಟೆಯೊಳಗೆ ಬೀಳಬೇಕು. ಅಂದರೆ 6 ಆಂಪಿನ ಸಾಕೆಟ್ಟಿಗೆ ಕನ್ವರ್ಟರ್ ಪ್ಲಗ್ಗು ಸಿಕ್ಕಿಸಿ 8.7 ಆಂಪಿನ ಇಂಡಕ್ಷನ್ ಓಡಿಸುತ್ತಿದ್ದರೆ ಎಂಸಿಬಿಗೆ ಏನೂ ಅನ್ನಿಸುವುದಿಲ್ಲ. ಸಾಕೆಟ್ಟು ಮಾತ್ರ ಒಳಗೊಳಗೇ ಕರಗುತ್ತಿರುತ್ತದೆ. ಅಂಗಡಿಯಲ್ಲಿ ಇನ್ನೂ ‘ಐದು ಆಂಪ್’, ‘ಹದಿನೈದು ಆಂಪ್’ ಎಂದೇ ಕೇಳುತ್ತಾರೆ. ಈಗಿನ 6 ಮತ್ತು 16 ಅವೇ. ದಪ್ಪ ಪಿನ್ನಿನ ಪ್ಲಗ್ಗು ಸಣ್ಣ ತೂತಿಗೆ ಹೋಗದಂತೆ ಮಾಡಿರುವುದಕ್ಕೆ ಕಾರಣ ಇದೆ. ಕನ್ವರ್ಟರ್ ಆ ಕಾರಣವನ್ನೇ ಅಳಿಸಿಹಾಕುತ್ತದೆ.

ಆರ್‌ಸಿಸಿಬಿ 30 ಮಿಲಿಆಂಪಿನದೇ, ಅಂದರೆ ಅಷ್ಟು ಸೋರಿದರೂ ಬೀಳುವಂಥದ್ದೇ ಆಗಬೇಕು. 100 ಅಥವಾ 300 ಮಿಲಿಆಂಪಿನವು ಬೆಂಕಿ ತಪ್ಪಿಸಲು ನೆರವಾಗುತ್ತವೆ, ಮನುಷ್ಯರಿಗೆ ಶಾಕ್ ಹೊಡೆಯುವುದನ್ನು ತಡೆಯಲು ಸಾಲವು. ಎಂಸಿಬಿಯ ಬದಲು ಆರ್‌ಸಿಸಿಬಿ ಹಾಕಿದರೆ ಆಗದು: ಓವರ್‌ಲೋಡ್ ಆದರೆ ಅದು ಬೀಳುವುದಿಲ್ಲ, ಎರಡೂ ಬೇಕು. ಸಾಧ್ಯವಾದರೆ ಫ್ರಿಜ್ಜಿಗೆ ಬೇರೆ ಆರ್‌ಸಿಸಿಬಿ ಕೊಡಿಸಿ. ನೀವು ಊರಲ್ಲಿಲ್ಲದಾಗ ಗ್ರೈಂಡರಿನ ಸಾಕೆಟ್ಟಿಗೆ ನೀರಿಳಿದು ಎಲ್ಲ ಬಿದ್ದರೆ ಫ್ರಿಜ್ಜಿನಲ್ಲಿದ್ದದ್ದೆಲ್ಲ ಹಾಳು.

ಹಂತ 3: ಡಿಪಿ ಸ್ವಿಚ್ಚಿನ ಜಾಗ ಗುರುತಿಸಿ

ಟೈಲ್ಸ್ ಅಂಟಿಸುವ ಮುಂಚೆ, ಮರದ ಕೆಲಸದವರು ಅಳತೆ ತೆಗೆಯುವ ಮುಂಚೆ ಆಗಬೇಕಾದ ಕೆಲಸ ಇದು. ಆಮೇಲೆ ನೆನಪಾದರೆ ಗ್ರಾನೈಟು ಒಡೆಯಬೇಕು.

ನಿಯಮ ಇಷ್ಟೇ. ಒಂದೇ ಜಾಗದಲ್ಲಿ ಕೂತಿರುವ ಯಾವುದೇ ಯಂತ್ರಕ್ಕೆ (ಡಿಶ್‌ವಾಷರ್, ಕಟ್ಟೆ ಕೆಳಗಿನ ಓವನ್, ಗೀಸರ್, ಚಿಮಣಿ, ಫ್ರಿಜ್ಜು) ಸ್ವಿಚ್ಚು ಕಣ್ಣಿಗೆ ಕಾಣುವಲ್ಲಿ, ಯಂತ್ರದ ಮೇಲೆ ಬಗ್ಗದೆ ಕೈಗೆಟುಕುವಲ್ಲಿ ಇರಬೇಕು. ಸಾಕೆಟ್ಟು ಯಂತ್ರದ ಬೆನ್ನ ಹಿಂದೆ ಇರಬಾರದು, ಪಕ್ಕದ ಕಪಾಟಿನಲ್ಲಿರಬೇಕು. ಡಿಶ್‌ವಾಷರಿನ ಬೆನ್ನಿಗೆ ಸಾಕೆಟ್ಟು ಇಟ್ಟರೆ ಏನಾಗುತ್ತದೆ ಎಂದರೆ, ಪ್ಲಗ್ಗು ಕೀಳಲು 40 ಕಿಲೋದ ಯಂತ್ರವನ್ನು ನೀರಿನ ಪೈಪಿನ ಸಮೇತ ಎಳೆಯಬೇಕು. ಹೊಗೆ ಬರುತ್ತಿರುವಾಗ ಅದನ್ನು ಯಾರೂ ಮಾಡಲಾರರು.

ಅಳತೆಗಳು: ಅಡುಗೆ ಕಟ್ಟೆ ಸಾಮಾನ್ಯವಾಗಿ ನೆಲದಿಂದ 80–85 ಸೆಂ.ಮೀ. ಡಿಪಿ ಸ್ವಿಚ್ಚು ಅದರ ಮೇಲೆ 20–25 ಸೆಂ.ಮೀ., ಅಂದರೆ ನೆಲದಿಂದ ಸುಮಾರು 105 ಸೆಂ.ಮೀ. ಎತ್ತರದಲ್ಲಿ. ಕೆಳಗಿನ ಸಾಕೆಟ್ಟು ನೆಲದಿಂದ 30–45 ಸೆಂ.ಮೀ. ಸಿಂಕಿನ ಅಂಚಿನಿಂದ ಅಡ್ಡಕ್ಕೆ ಕನಿಷ್ಠ 30 ಸೆಂ.ಮೀ. ದೂರ, ಜಾಗ ಇದ್ದರೆ 60. ಒಲೆಯ ನೇರ ಮೇಲಿನ ಗೋಡೆಯಲ್ಲಿ ಯಾವ ಸ್ವಿಚ್ಚೂ ಬೇಡ, ಕುದಿಯುವ ಪಾತ್ರೆ ದಾಟಿ ಕೈ ಚಾಚುವಂತಿರಬಾರದು. ಚಿಮಣಿಯ ಸಾಕೆಟ್ಟು ಮೇಲೆ, ಪಕ್ಕದ ಕಪಾಟಿನೊಳಗೆ ಇರಲಿ, ಸ್ವಿಚ್ಚು ಕೆಳಗೆ ಪಕ್ಕಕ್ಕೆ ಬರಲಿ.

ಮೂರ್ನಾಲ್ಕು ಡಿಪಿ ಸ್ವಿಚ್ಚುಗಳನ್ನು ಒಂದೇ ಪ್ಲೇಟಿನಲ್ಲಿ ಸಾಲಾಗಿ ಕೂರಿಸುವುದು ಒಳ್ಳೆಯದು. ಆದರೆ ಪ್ರತಿಯೊಂದರ ಮೇಲೂ ಹೆಸರು ಇರಲೇಬೇಕು. ಅಳಿಯದ ಇಂಕಿನಲ್ಲಿ ‘ಓವನ್’, ‘ಗೀಸರ್’, ‘ಡಿಶ್‌ವಾಷರ್’ ಎಂದು ಕನ್ನಡದಲ್ಲೇ ಬರೆಸಿ. ಮನೆಗೆಲಸಕ್ಕೆ ಬರುವವರಿಗೂ ಅಜ್ಜಿಗೂ ಗೊತ್ತಾಗಬೇಕು. ಕೆಂಪು ದೀಪ ಇರುವ ಡಿಪಿ ಕೊಳ್ಳಿ, ಆದರೆ ದೀಪ ಆರಿದೆ ಎಂದಮಾತ್ರಕ್ಕೆ ಕರೆಂಟಿಲ್ಲ ಎಂದುಕೊಳ್ಳಬೇಡಿ. ದೀಪವೇ ಕೆಟ್ಟಿರಬಹುದು.

ಸಿಲಿಂಡರ್ ವಿಷಯದಲ್ಲಿ ರಿಯಾಯಿತಿ ಇಲ್ಲ. ಕಟ್ಟೆ ಕೆಳಗಿನ ಗೂಡಿನಲ್ಲಿ ಗ್ಯಾಸ್ ಸಿಲಿಂಡರ್ ಇಡುವ ಮನೆಗಳೇ ಹೆಚ್ಚು. ಆ ಗೂಡಿನೊಳಗೆ ಸಾಕೆಟ್ಟು, ಸ್ವಿಚ್ಚು, ಜಾಯಿಂಟು ಯಾವುದೂ ಇರಬಾರದು. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದ್ದು ಕೆಳಗೇ ತುಂಬಿಕೊಳ್ಳುತ್ತದೆ. ಸ್ವಿಚ್ಚು ಒತ್ತುವಾಗ ಒಳಗೆ ಏಳುವ ಸಣ್ಣ ಕಿಡಿ ಅದಕ್ಕೆ ಸಾಕು. ಗ್ಯಾಸಿನ ವಾಸನೆ ಬಂದರೆ ಅಡುಗೆಮನೆಯ ಯಾವ ಸ್ವಿಚ್ಚನ್ನೂ ಆನ್ ಮಾಡಬೇಡಿ, ಆಫ್ ಕೂಡ ಮಾಡಬೇಡಿ. ಆಫ್ ಮಾಡುವಾಗಲೂ ಕಿಡಿ ಏಳುತ್ತದೆ. ರೆಗ್ಯುಲೇಟರ್ ಮುಚ್ಚಿ, ಕಿಟಕಿ ಬಾಗಿಲು ತೆರೆದು, ಎಲ್ಲರನ್ನೂ ಹೊರಗೆ ಕಳಿಸಿ. ಮೇನ್ ಸ್ವಿಚ್ಚು ಮನೆಯ ಹೊರಗೆ ಜಗುಲಿಯಲ್ಲಿದ್ದರೆ ಅಲ್ಲಿಂದ ಕಡಿಯಿರಿ. ಗ್ಯಾಸ್ ಸೋರಿಕೆಯ ತುರ್ತು ಸಂಖ್ಯೆ 1906.

ಹಂತ 4: ಸಾಮಾನು ತರಿಸಿ

ಕಟ್ಟೆ ಕೆಳಗಿನ ಒಂದು ಡಿಶ್‌ವಾಷರ್ ಪಾಯಿಂಟಿಗೆ ಬೇಕಾದದ್ದು: 16 ಆಂಪ್ ಸಿ ಎಂಸಿಬಿ ಒಂದು, 20 ಅಥವಾ 32 ಆಂಪ್ ಡಿಪಿ ಸ್ವಿಚ್ಚು ಒಂದು, 16 ಆಂಪ್ ಸಾಕೆಟ್ಟು ಒಂದು, ಎರಡು ಬಾಕ್ಸು, 25 ಮಿ.ಮೀ. ಪಿವಿಸಿ ಪೈಪು. ಡಿಬಿಯಿಂದ ಸ್ವಿಚ್ಚಿಗೆ 12 ಮೀಟರ್, ಅಲ್ಲಿಂದ ಸಾಕೆಟ್ಟಿಗೆ ಒಂದೂವರೆ ಮೀಟರ್ ದೂರ ಇದೆ ಎನ್ನೋಣ. ತುದಿಗಳಿಗೆ ಸ್ವಲ್ಪ ಸೇರಿಸಿ ಪ್ರತಿ ಬಣ್ಣದ 2.5 ಸ್ಕ್ವೇರ್ ತಂತಿ 15 ಮೀಟರ್, ಮೂರು ಬಣ್ಣಕ್ಕೆ 45 ಮೀಟರ್. ತಂತಿಯ ಮೇಲೆ ಐಎಸ್ 694 ಮತ್ತು ಐಎಸ್‌ಐ ಗುರುತು ಅಚ್ಚಾಗಿರಬೇಕು. ಪೂರ್ತಿ ಸುರುಳಿ 90 ಮೀಟರಿನದು, ಅಂಗಡಿಯವರು ಕತ್ತರಿಸಿ ಕೊಡುವ ತುಂಡು ಕೊಳ್ಳುವಾಗಲೂ ಗುರುತು ಓದಿಯೇ ಕೊಳ್ಳಿ.

ಹಂತ 5: ಜೋಡಿಸುವಾಗ ಇವನ್ನು ನೋಡಿಕೊಳ್ಳಿ

ಬಣ್ಣದ ಗೊಂದಲ. ಗೋಡೆಯೊಳಗಿನ ವೈರಿಂಗಿನಲ್ಲಿ ಕೆಂಪು, ಹಳದಿ, ನೀಲಿ ಮೂರೂ ಫೇಸು, ಕಪ್ಪು ನ್ಯೂಟ್ರಲ್. ಯಂತ್ರದ ವೈರಿನಲ್ಲಿ ಕಂದು ಫೇಸು, ನೀಲಿ ನ್ಯೂಟ್ರಲ್, ಹಸಿರು–ಹಳದಿ ಅರ್ಥ್. ನೀಲಿಗೆ ನೀಲಿ ಎಂದು ಜೋಡಿಸಿದರೆ ತ್ರೀಫೇಸ್ ಮನೆಯಲ್ಲಿ ಫೇಸ್ ನ್ಯೂಟ್ರಲ್‌ಗೆ ಹೋಗಿ ಕೂರುತ್ತದೆ. ಗೀಸರನ್ನು ಡಿಪಿಗೆ ನೇರ ಜೋಡಿಸುವಾಗ ಈ ತಪ್ಪು ಹೆಚ್ಚು ಕಾಣುತ್ತದೆ.

ಸಾಕೆಟ್ಟಿನ ತೂತುಗಳು. ಎದುರಿಗೆ ನಿಂತು ನೋಡಿದರೆ ಮೇಲಿನ ದೊಡ್ಡದು ಅರ್ಥ್, ಬಲಗಡೆಯದು ಫೇಸ್, ಎಡಗಡೆಯದು ನ್ಯೂಟ್ರಲ್.

ಡಿಪಿಯ ಹೆಸರಿಗೆ ಕಳಂಕ. ಡಿಪಿ ಸ್ವಿಚ್ಚನ್ನು ದುಡ್ಡು ಕೊಟ್ಟು ತರಿಸಿರುತ್ತೀರಿ. ಆದರೆ ಬಾಕ್ಸಿನೊಳಗೆ ಫೇಸನ್ನು ಮಾತ್ರ ಅದರ ಮೂಲಕ ಹಾಯಿಸಿ ನ್ಯೂಟ್ರಲನ್ನು ಪಕ್ಕದಲ್ಲೇ ತಿರುಚಿ ಟೇಪು ಸುತ್ತಿ ನೇರ ಕಳಿಸಿರುತ್ತಾರೆ. ಹೊರಗಿನಿಂದ ನೋಡಿದರೆ ಗೊತ್ತಾಗುವುದೇ ಇಲ್ಲ, ಮುಂದಿನ ಹಂತದ ಪರೀಕ್ಷೆಯಲ್ಲಿ ಮಾತ್ರ ಸಿಕ್ಕಿಬೀಳುತ್ತದೆ. ಡಿಪಿಗೆ ನಾಲ್ಕು ತಂತಿ ಹೋಗಬೇಕು: ಎರಡು ಒಳಗೆ, ಎರಡು ಹೊರಗೆ.

ಸಡಿಲ ತಿರುಪು. ಪ್ಲಗ್ಗು ಸುಡುವುದಕ್ಕೆ ಮೊದಲ ಕಾರಣ ಇದೇ. ಎಳೆಗಳಲ್ಲಿ ಅರ್ಧ ಮಾತ್ರ ತಿರುಪಿನ ಕೆಳಗೆ ಸಿಕ್ಕಿ ಉಳಿದದ್ದು ಹೊರಗಿದ್ದರೆ ಆ ಅರ್ಧವೇ ಇಡೀ 9 ಆಂಪನ್ನು ಹೊರಬೇಕು, ಅಲ್ಲಿ ಶಾಖ ಏಳುತ್ತದೆ. ಶಾಖಕ್ಕೆ ತಿರುಪು ಇನ್ನಷ್ಟು ಸಡಿಲಾಗುತ್ತದೆ, ಮತ್ತಷ್ಟು ಶಾಖ. ಸಾಕೆಟ್ಟಿನ ಬಲ ತೂತಿನ ಸುತ್ತ ಕಂದು ಕಲೆ, ಮೀನು ಕೊಳೆತಂಥ ವಾಸನೆ ಬಂದರೆ ಅದು ಕೊನೆಯ ಎಚ್ಚರಿಕೆ. ಅದನ್ನು ಬದಲಿಸುವಾಗ ಸಾಕೆಟ್ಟು ಮಾತ್ರ ಬದಲಿಸಬೇಡಿ, ಪ್ಲಗ್ಗಿನ ಪಿನ್ನೂ ಕಪ್ಪಾಗಿದ್ದರೆ ಹೊಸ ಸಾಕೆಟ್ಟನ್ನೂ ಅದು ಸುಡುತ್ತದೆ. ಸುಟ್ಟ ಭಾಗದ ತಂತಿಯನ್ನು ತಾಮ್ರ ಹೊಳೆಯುವಷ್ಟು ಹಿಂದಕ್ಕೆ ಕತ್ತರಿಸಿ ಜೋಡಿಸಬೇಕು.

ಅರ್ಥ್ ಮೋಸ. ಅರ್ಥ್ ತಂತಿ ಬಾರದ ಹಳೇ ಪಾಯಿಂಟಿನಲ್ಲಿ ಕೆಲವರು ಅರ್ಥ್ ತೂತನ್ನು ನ್ಯೂಟ್ರಲ್‌ಗೆ ಕೂಡಿಸುತ್ತಾರೆ. ನ್ಯೂಟ್ರಲ್ ಎಲ್ಲಾದರೂ ಕಡಿದರೆ ಯಂತ್ರದ ಲೋಹದ ಮೈಯೆಲ್ಲ ಲೈವ್. ಇದಕ್ಕಿಂತ ಅರ್ಥ್ ಇಲ್ಲದಿರುವುದೇ ವಾಸಿ ಎನ್ನುವಷ್ಟು ಕೆಟ್ಟ ಕೆಲಸ.

ಮಲೆನಾಡಿನ ಹಳೇ ತೊಟ್ಟಿ ಮನೆಗಳಲ್ಲಿ, ಎಸ್ಟೇಟ್ ಬಂಗಲೆಗಳಲ್ಲಿ ಮರದ ಪಟ್ಟಿ ಮೇಲಿನ ವೈರಿಂಗು, ಪಿಂಗಾಣಿಯ ಕಟೌಟ್ (ಫ್ಯೂಸ್ ತಂತಿ ಕೂರುವ ಹಿಡಿ) ಇನ್ನೂ ಉಂಟು. ಅಲ್ಲಿ ಫೇಸಿಗೊಂದು, ನ್ಯೂಟ್ರಲ್‌ಗೊಂದು ಎಂದು ಎರಡು ಕಟೌಟ್ ಇದ್ದರೆ ಎಚ್ಚರ. ನ್ಯೂಟ್ರಲ್ ಫ್ಯೂಸ್ ಸುಟ್ಟಾಗ ‘ಕರೆಂಟು ಹೋಯಿತು’ ಎಂದೇ ಅನ್ನಿಸುತ್ತದೆ, ಫೇಸ್ ಮಾತ್ರ ಯಂತ್ರದವರೆಗೂ ಬಂದು ನಿಂತಿರುತ್ತದೆ. ಇಂಥ ವೈರಿಂಗಿಗೆ ಇಂಡಕ್ಷನ್ ಜೋಡಿಸುವ ಯೋಚನೆಯೇ ಬೇಡ, ಅಡುಗೆಮನೆಗೆ ಮಾತ್ರವಾದರೂ ಹೊಸ ಕವಲು ಎಳೆಸಿ.

ಹಂತ 6: ಎಲೆಕ್ಟ್ರಿಷಿಯನ್ ಹೋಗುವ ಮುಂಚೆ ನಿಮ್ಮ ಎದುರೇ ಮಾಡಿಸಿ

ಮಲ್ಟಿಮೀಟರ್ ಇಲ್ಲದವರಿಂದ ಈ ಕೆಲಸ ಮಾಡಿಸಬೇಡಿ. ಪ್ರತಿ ಸಾಕೆಟ್ಟಿನಲ್ಲೂ ಮೂರು ಅಳತೆ: ಫೇಸ್–ನ್ಯೂಟ್ರಲ್ 230ರ ಆಸುಪಾಸು, ಫೇಸ್–ಅರ್ಥ್ ಹೆಚ್ಚುಕಮ್ಮಿ ಅಷ್ಟೇ, ನ್ಯೂಟ್ರಲ್–ಅರ್ಥ್ ಸೊನ್ನೆಯಿಂದ ಎರಡು ಮೂರು ವೋಲ್ಟ್. ಕೊನೆಯದು ಹತ್ತು ಇಪ್ಪತ್ತು ವೋಲ್ಟ್ ತೋರಿಸಿದರೆ ಅರ್ಥಿಂಗ್ ಸರಿಯಿಲ್ಲ, ಇಲ್ಲವೇ ನ್ಯೂಟ್ರಲ್ ಎಲ್ಲೋ ಸಡಿಲ.

ಆಮೇಲೆ ಮೇನ್ ಆಫ್ ಮಾಡಿಸಿ, ಡಿಪಿಯನ್ನೂ ಆಫ್ ಮಾಡಿಸಿ, ಡಿಬಿಯ ನ್ಯೂಟ್ರಲ್ ಪಟ್ಟಿಯಿಂದ ಸಾಕೆಟ್ಟಿನ ನ್ಯೂಟ್ರಲ್‌ಗೆ ಕಂಟಿನ್ಯೂಟಿ (ತಂತಿ ಕಡಿಯದೆ ಸೇರಿದೆಯೇ ಎಂಬ ಪರೀಕ್ಷೆ) ಹಿಡಿಸಿ. ಮೀಟರ್ ಕೂಗಿದರೆ ನ್ಯೂಟ್ರಲ್ ಕಡಿದಿಲ್ಲ, ಮೇಲೆ ಹೇಳಿದ ಕಳ್ಳದಾರಿ ಹಿಡಿದಿದ್ದಾರೆ. ಬಿಚ್ಚಿಸಿ ಸರಿ ಮಾಡಿಸಿ.

ಕೊನೆಗೆ ಕರೆಂಟು ಕೊಟ್ಟು ಆರ್‌ಸಿಸಿಬಿಯ ಟೆಸ್ಟ್ ಗುಂಡಿ ಒತ್ತಿ. ತಕ್ಷಣ ಬೀಳಬೇಕು. ಇದನ್ನು ತಿಂಗಳಿಗೊಮ್ಮೆ ನೀವೇ ಮಾಡಿ, ಬಿಲ್ಲು ಬಂದ ದಿನ ಎಂದು ಇಟ್ಟುಕೊಂಡರೆ ಮರೆಯುವುದಿಲ್ಲ. ವರ್ಷಗಟ್ಟಲೆ ಒತ್ತದೆ ಬಿಟ್ಟ ಆರ್‌ಸಿಸಿಬಿ ಬೇಕಾದಾಗ ಅಂಟಿಕೊಂಡು ಕೂರಬಹುದು.

ಹಂತ 7: ಯಂತ್ರ ಮುಟ್ಟುವ ಮುಂಚಿನ ಕ್ರಮ

ಪ್ಲಗ್ಗಿರುವ ಯಂತ್ರವಾದರೆ ಮೊದಲು ಯಂತ್ರದ ಗುಂಡಿ, ನಂತರ ಗೋಡೆಯ ಸ್ವಿಚ್ಚು, ನಂತರ ಪ್ಲಗ್ಗು ಕೈಗೆ ಬರಬೇಕು. ಪ್ಲಗ್ಗು ಕಿತ್ತು ಕಣ್ಣೆದುರು ಇಟ್ಟುಕೊಳ್ಳುವುದಕ್ಕಿಂತ ಖಚಿತವಾದ ಬೇರ್ಪಡಿಕೆ ಇನ್ನೊಂದಿಲ್ಲ. ಮಿಕ್ಸಿ ಜಾರಿನಲ್ಲಿ ಕಾಯಿ ಸಿಕ್ಕಿಕೊಂಡಾಗ ಬರೀ ಸ್ವಿಚ್ಚು ಆಫ್ ಮಾಡಿ ಬ್ಲೇಡಿಗೆ ಕೈ ಹಾಕಬೇಡಿ. ಮಿಕ್ಸಿ ತಳದ ಓವರ್‌ಲೋಡ್ ಗುಂಡಿ ಒತ್ತುವಾಗಲೂ ಪ್ಲಗ್ಗು ಹೊರಗಿರಲಿ.

ಪ್ಲಗ್ಗಿಲ್ಲದ ಗೀಸರ್, ಓವನ್‌ಗೆ: ಡಿಪಿ ಆಫ್, ಡಿಬಿಯಲ್ಲಿ ಎಂಸಿಬಿ ಆಫ್, ಎಂಸಿಬಿ ಮೇಲೆ ಟೇಪು ಅಂಟಿಸಿ ‘ಕೆಲಸ ನಡೆಯುತ್ತಿದೆ’ ಎಂದು ಚೀಟಿ. ಮನೆಯಲ್ಲಿ ಇನ್ನೊಬ್ಬರು ಬಂದು ‘ಯಾಕೋ ಬಿದ್ದಿದೆ’ ಎಂದು ಎತ್ತಿಬಿಡುವುದು ತೀರಾ ಸಾಮಾನ್ಯ. ಆಮೇಲೆ ಟೆಸ್ಟರನ್ನು ಮೊದಲು ಕರೆಂಟಿರುವ ಬೇರೊಂದು ಸಾಕೆಟ್ಟಿನಲ್ಲಿ ಹಿಡಿದು ಬೆಳಗುವುದನ್ನು ನೋಡಿ, ನಂತರ ಕೆಲಸದ ಜಾಗದಲ್ಲಿ ಹಿಡಿಯಿರಿ, ಮತ್ತೆ ಕರೆಂಟಿರುವಲ್ಲಿ ಹಿಡಿಯಿರಿ. ಮಧ್ಯದಲ್ಲಿ ಟೆಸ್ಟರೇ ಕೆಟ್ಟಿದ್ದರೆ ಮೂರನೇ ಸಲ ಗೊತ್ತಾಗುತ್ತದೆ. ರಬ್ಬರ್ ಚಪ್ಪಲಿ ಹಾಕಿ ಒಣ ಮಣೆಯ ಮೇಲೆ ನಿಂತರೆ ನಿಯಾನ್ ಟೆಸ್ಟರು ಲೈವ್ ತಂತಿಯಲ್ಲೂ ಮಂಕಾಗಿ ಕಾಣಬಹುದು ಎಂಬುದೂ ನೆನಪಿರಲಿ.

ಕೆಲವು ಯಂತ್ರಗಳಿಗೆ ತಮ್ಮದೇ ಕಟ್ಟಳೆ ಇದೆ. ಇಂಡಕ್ಷನ್ ಒಲೆ ಆರಿಸಿದ ಮೇಲೆ ಒಳಗಿನ ಫ್ಯಾನು ಸ್ವಲ್ಪ ಹೊತ್ತು ತಿರುಗುತ್ತದೆ, ಅದು ನಿಲ್ಲುವವರೆಗೆ ಗೋಡೆಯ ಸ್ವಿಚ್ಚು ಆಫ್ ಮಾಡಬೇಡಿ, ಒಳಗಿನ ಶಾಖ ಹೊರಹೋಗದೆ ಬಿಡಿಭಾಗ ಸುಡುತ್ತವೆ. ಫ್ರಿಜ್ಜು ಆಫ್ ಮಾಡಿದರೆ ಮತ್ತೆ ಆನ್ ಮಾಡಲು 3–5 ನಿಮಿಷ ಕಾಯಿರಿ. ಗೀಸರಿನ ನಲ್ಲಿಯಲ್ಲಿ ನೀರು ಬರುವುದನ್ನು ನೋಡಿಯೇ ಡಿಪಿ ಒತ್ತಿ. ಮೈಕ್ರೋವೇವ್ ಮಾತ್ರ ಪ್ಲಗ್ಗು ಕಿತ್ತ ಮೇಲೂ ಬಿಚ್ಚಬೇಡಿ: ಒಳಗಿನ ಕೆಪಾಸಿಟರಿನಲ್ಲಿ ಎರಡು ಸಾವಿರ ವೋಲ್ಟಿನ ಆಸುಪಾಸು ಉಳಿದಿರಬಹುದು.

ಹಂತ 8: ಇನ್ವರ್ಟರ್, ಜನರೇಟರ್ ಇದ್ದರೆ

ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆ ಮಳೆಗಾಲದಲ್ಲಿ ಮರ ಬಿದ್ದು ಲೈನು ಹೋದರೆ ಕರೆಂಟು ಯಾವಾಗ ಬರುತ್ತದೋ ಹೇಳಲಾಗದು. ಹಾಗಾಗಿ ಇನ್ವರ್ಟರ್ ಇಲ್ಲದ ಮನೆ ಅಪರೂಪ. ಮೇನ್ ಆಫ್ ಮಾಡಿದ ಕೂಡಲೆ ಇನ್ವರ್ಟರ್ ‘ಕರೆಂಟು ಹೋಯಿತು’ ಎಂದುಕೊಂಡು ತನ್ನ ಕವಲಿಗೆ 230 ವೋಲ್ಟ್ ಕೊಡಲು ಶುರು ಮಾಡುತ್ತದೆ. ಅಡುಗೆಮನೆಯ ದೀಪದ ಪಾಯಿಂಟೂ ಸಾಕೆಟ್ಟೂ ಒಂದೇ ಬಾಕ್ಸಿನಲ್ಲಿದ್ದರೆ, ಮೇನ್ ಆಫ್ ಇದೆ ಎಂಬ ಧೈರ್ಯದಲ್ಲಿ ಬಿಚ್ಚಿದವರಿಗೆ ಶಾಕ್ ಹೊಡೆಯುವುದು ಇಲ್ಲೇ. ಆದ್ದರಿಂದ ಕ್ರಮ: ಮೇನ್ ಆಫ್, ಇನ್ವರ್ಟರಿನ ಔಟ್‌ಪುಟ್ಟೂ ಆಫ್, ಆಮೇಲೆ ಟೆಸ್ಟರ್. ಡಿಬಿಯ ಬಾಗಿಲ ಮೇಲೆ ‘ಇನ್ವರ್ಟರ್ ಇದೆ’ ಎಂದು ದಪ್ಪಕ್ಷರದಲ್ಲಿ ಬರೆಸಿ.

ಇನ್ವರ್ಟರ್ ಕವಲಿನ ನ್ಯೂಟ್ರಲ್ ಬೇರೆಯಾಗಿಯೇ ಇರಬೇಕು. ಅದನ್ನು ಸಾಕೆಟ್ಟುಗಳ ನ್ಯೂಟ್ರಲ್ ಪಟ್ಟಿಗೆ ಸೇರಿಸಿದರೆ ಒಂದು ಕಡೆಯಿಂದ ಹೋದ ಕರೆಂಟು ಇನ್ನೊಂದು ಕಡೆಯಿಂದ ವಾಪಸಾಗಿ ಆರ್‌ಸಿಸಿಬಿಗೆ ಸೋರಿಕೆಯಂತೆ ಕಾಣುತ್ತದೆ. ‘ದೀಪ ಹಾಕಿದರೆ ಬೀಳುತ್ತೆ, ಮತ್ತೆ ಎತ್ತಿದರೆ ಬೀಳುತ್ತೆ’ ಎಂಬ ದೂರಿನ ಹಿಂದೆ ಹಲವು ಸಲ ಇದೇ ಇರುತ್ತದೆ. ಬೇಸತ್ತು ಆರ್‌ಸಿಸಿಬಿಯನ್ನೇ ತೆಗೆಸಿದ ಮನೆಗಳಿವೆ. ದಯವಿಟ್ಟು ಹಾಗೆ ಮಾಡಬೇಡಿ, ನ್ಯೂಟ್ರಲ್ ಬೇರ್ಪಡಿಸಿ. ಜನರೇಟರ್ ಇರುವ ಎಸ್ಟೇಟ್ ಮನೆಗಳಲ್ಲಿ ಫೇಸು, ನ್ಯೂಟ್ರಲ್ ಎರಡನ್ನೂ ಲೈನಿನಿಂದ ಜನರೇಟರಿಗೆ ಬದಲಿಸುವ ಚೇಂಜ್‌ಓವರ್ ಸ್ವಿಚ್ಚು ಇರಬೇಕು. ಜನರೇಟರನ್ನು ಸಾಕೆಟ್ಟಿಗೆ ಚುಚ್ಚಿ ಮನೆಗೆ ಕರೆಂಟು ಕೊಟ್ಟರೆ ಅದು ಲೈನಿಗೂ ಹರಿದು, ಕಂಬದ ಮೇಲಿರುವ ಲೈನ್‌ಮ್ಯಾನ್ ಜೀವಕ್ಕೆ ಕುತ್ತು ತರುತ್ತದೆ.

ಏಪ್ರಿಲ್–ಮೇ ತಿಂಗಳ ಗುಡುಗಿನ ದಿನಗಳಲ್ಲಿ ಸ್ವಿಚ್ಚು ಆಫ್ ಮಾಡಿದರೆ ಸಾಲದು. ಸಿಡಿಲಿನ ವೋಲ್ಟೇಜಿಗೆ ಸ್ವಿಚ್ಚಿನೊಳಗಿನ ಕೆಲವು ಮಿಲಿಮೀಟರ್ ಸಂದು ಲೆಕ್ಕಕ್ಕಿಲ್ಲ. ಪ್ಲಗ್ಗನ್ನೇ ಕೀಳಿ, ಗುಡುಗು ಶುರುವಾಗುವ ಮುಂಚೆಯೇ.

ಆರ್‌ಸಿಸಿಬಿ ಪದೇ ಪದೇ ಬಿದ್ದರೆ ಹುಡುಕುವ ಬಗೆ

ಎಲ್ಲ ಎಂಸಿಬಿ ಇಳಿಸಿ, ಅಡುಗೆಮನೆಯ ಎಲ್ಲ ಡಿಪಿ ಆಫ್ ಮಾಡಿ, ಪ್ಲಗ್ಗುಗಳನ್ನೆಲ್ಲ ಕಿತ್ತು, ಆರ್‌ಸಿಸಿಬಿ ಎತ್ತಿ. ನಿಂತರೆ ಎಂಸಿಬಿಗಳನ್ನು ಒಂದೊಂದಾಗಿ ಎತ್ತಿ, ಆಮೇಲೆ ಡಿಪಿ, ಕೊನೆಗೆ ಪ್ಲಗ್ಗು. ಯಾವುದು ಸೇರಿದಾಗ ಬೀಳುತ್ತದೋ ಅಲ್ಲಿದೆ ದೋಷ. ಡಿಬಿಯಲ್ಲಿನ ಮಾಮೂಲಿ ಎಂಸಿಬಿ ಫೇಸನ್ನು ಮಾತ್ರ ಕಡಿಯುತ್ತದೆ. ಯಂತ್ರದೊಳಗೆ ನ್ಯೂಟ್ರಲ್ ತಂತಿ ಲೋಹದ ಮೈಗೆ ತಾಗಿದ್ದರೆ ಎಂಸಿಬಿ ಇಳಿಸಿದರೂ ಆರ್‌ಸಿಸಿಬಿ ಬೀಳುತ್ತಲೇ ಇರಬಹುದು, ಯಾವ ಯಂತ್ರ ಎಂದು ಗೊತ್ತಾಗದೆ ಇಡೀ ದಿನ ಹೋಗುತ್ತದೆ. ಡಿಪಿ ಇದ್ದರೆ ಒಂದೊಂದೇ ಒತ್ತಿ ಹತ್ತು ನಿಮಿಷದಲ್ಲಿ ಹಿಡಿಯಬಹುದು.

ಎಲ್ಲವನ್ನೂ ಕಿತ್ತ ಮೇಲೂ ಬಿದ್ದರೆ ದೋಷ ಗೋಡೆಯೊಳಗೆ. ಪಶ್ಚಿಮದ ತಾಲ್ಲೂಕುಗಳಲ್ಲಿ ಹೊರಗೋಡೆಗೆ ಹೊಂದಿದ ಬಾಕ್ಸಿನಲ್ಲಿ ಜುಲೈ ಹೊತ್ತಿಗೆ ಬೆವರು ಹನಿಗಟ್ಟುತ್ತದೆ, ಅಡುಗೆಮನೆಯ ಬೋರ್ಡುಗಳನ್ನು ಒಳಗೋಡೆಗೆ ಹಾಕಿಸುವುದು ಅದಕ್ಕೇ ಲೇಸು. ಅರಸೀಕೆರೆ, ಕಡೂರಿನಂಥ ಒಣ ಸೀಮೆಯಲ್ಲಿ ತೊಂದರೆ ಉಲ್ಟಾ: ಬೇಸಿಗೆಯಲ್ಲಿ ಅರ್ಥ್ ತಂತಿ ನೆಲ ಸೇರುವ ಗುಂಡಿ ಒಣಗಿ ರೋಧ ಏರುತ್ತದೆ, ಸೋರಿದ ಕರೆಂಟು ನೆಲಕ್ಕಿಳಿಯುವುದು ಕಷ್ಟವಾಗುತ್ತದೆ. ಅಲ್ಲಿ ಎರಡೂವರೆ ಮೀಟರ್ ಉದ್ದದ ಜಿಐ ಪೈಪನ್ನು ಪೂರ್ತಿ ಇಳಿಸಿರಬೇಕು, ಫೆಬ್ರವರಿಯಿಂದ ಮಳೆ ಬರುವವರೆಗೆ ಗುಂಡಿಗೆ ಆಗಾಗ ನೀರು ಹೊಯ್ಯಬೇಕು. ಅರ್ಥ್ ಸ್ವಲ್ಪ ದುರ್ಬಲವಾಗಿದ್ದರೂ 30 ಮಿಲಿಆಂಪ್ ಆರ್‌ಸಿಸಿಬಿ ಕೆಲಸ ಮಾಡುತ್ತದೆ, ಎಂಸಿಬಿ ಒಂದನ್ನೇ ನಂಬಿದ ಮನೆಗೆ ಆ ಅನುಕೂಲ ಇಲ್ಲ.

ತಿಂಗಳುಗಟ್ಟಲೆ ಮುಟ್ಟದ ಓಟಿಜಿ (ಕಟ್ಟೆ ಮೇಲಿನ ಸಣ್ಣ ಓವನ್), ಕೆಟಲ್, ಹಳೇ ರೈಸ್ ಕುಕ್ಕರನ್ನು ಮಳೆಗಾಲದಲ್ಲಿ ಮೊದಲ ಸಲ ಹಚ್ಚಿದಾಗ ಆರ್‌ಸಿಸಿಬಿ ಬಿದ್ದರೆ ಗಾಬರಿ ಬೇಡ. ಕಾಯಿಸುವ ಕಾಯಿಲಿನ ಸುತ್ತಲಿನ ಬಿಳಿ ಪುಡಿ ತೇವ ಹೀರಿಕೊಂಡಿರುತ್ತದೆ, ಅಲ್ಲಿಂದ ಕರೆಂಟು ಮೈಗೆ ಸೋರುತ್ತದೆ. ಪ್ಲಗ್ಗು ಕಿತ್ತು, ಒಣ ಬೆಚ್ಚಗಿನ ಜಾಗದಲ್ಲಿ ಎರಡು ಮೂರು ದಿನ ಇಟ್ಟು ನೋಡಿ. ಆಮೇಲೂ ಬಿದ್ದರೆ ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರ್) ಇರುವವರಿಂದ ಅಳೆಸಿ. ಒಂದು ಮೆಗಓಮಿಗಿಂತ ಕಡಿಮೆ ತೋರಿಸಿದರೆ ಆ ಕಾಯಿಲು ಬದಲಾಗಬೇಕು.